ಮಂಗಳೂರಿನ ಕೇರಿ, ಕಾಲನಿಗಳಲ್ಲಿ ಸಮುದಾಯ ಆರೋಗ್ಯ ಕಾರ್ಯ

ಮಂಗಳೂರು ನಗರದ ಬಡ ವಸತಿಗಳಲ್ಲಿ ಜನರ ಆರೋಗ್ಯವನ್ನೂ ಬದುಕನ್ನೂ ಹಸನುಗೊಳಿಸಲು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ನಡೆದುಬಂದ ಕೆಲಸಗಳಿವು. ಕ್ರೈಸ್ತ ಪಾದ್ರಿಗಳು, ಬ್ರಹ್ಮಸಮಾಜದ ಸುಧಾರಕರು, ಸಮಾಜಕಾರ್ಯ ಶಾಲೆ, ಸ್ವಯಂಸೇವಾ ಸಂಸ್ಥೆಗಳು, ಕೊನೆಗೆ ನಗರಪಾಲಿಕೆ ಹೀಗೆ ಒಂದೊಂದು ಕಾಲಕ್ಕೆ ಒಬ್ಬೊಬ್ಬರು ಇದರಲ್ಲಿ ಮುಂದೆ ನಿಂತರು. ಮಂಗಳೂರೆಂದರೆ ಆಸ್ಪತ್ರೆಗಳ ಊರು. ಅದರ ಆರೋಗ್ಯದ ಚರಿತ್ರೆಯನ್ನು ಆಸ್ಪತ್ರೆ ಕಟ್ಟಡಗಳ ಚರಿತ್ರೆಯಾಗಿ ಬರೆಯುವುದು ರೂಢಿ. ಕೇರಿಗಳ ಮಟ್ಟಿಗೆ ಅಷ್ಟು ಸಾಲದು. ಅಲ್ಲಿಗೆ ಔಷಧಕ್ಕಿಂತ ಮೊದಲು ಬೇಕಾದದ್ದು ನೆಲ, ನೀರು ಮತ್ತು ಊಟ.

ಇಂದಿನ ಜಿಲ್ಲಾ ವೆನ್‌ಲಾಕ್ ಆಸ್ಪತ್ರೆಯ ಮೂಲ 1848ಕ್ಕೆ, ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಹೋಗುತ್ತದೆ. ಪುರಸಭೆ 1866ರಲ್ಲಿ ಸ್ಥಾಪನೆಯಾಯಿತು. ಇವೆರಡೂ ಇದ್ದರೂ ಬಡವರ ಮನೆ ಬಾಗಿಲಿಗೆ ಬಂದ ಮೊದಲ ಹೆಸರು ಆಗಸ್ಟಸ್ ಮುಲ್ಲರ್ ಅವರದು. ಜರ್ಮನಿಯ ಈ ಜೆಸುಯಿಟ್ ಪಾದ್ರಿ 1878ರ ಕೊನೆಗೆ ಮಂಗಳೂರಿಗೆ ಬಂದ ತಂಡದಲ್ಲಿದ್ದರು. 1880ರಲ್ಲಿ ಹೋಮಿಯೋಪಥಿ ಔಷಧ ಹಂಚಲು ಆರಂಭಿಸಿದ ಅವರ ಕೆಲಸ ಕಂಕನಾಡಿಯ ಬಡವರ ಔಷಧಾಲಯವಾಗಿ ಬೆಳೆಯಿತು. ಸಕ್ಕರೆ ಗುಳಿಗೆಯ ಗುಣದ ಬಗ್ಗೆ ವಾದ ಇಂದಿಗೂ ಮುಗಿದಿಲ್ಲ. ಆದರೆ ಮುಲ್ಲರ್ ಅವರ ದೊಡ್ಡಸ್ತಿಕೆ ಗುಳಿಗೆಯಲ್ಲಿ ಇರಲಿಲ್ಲ. ಬೇರೆಯವರು ಹತ್ತಿರ ಸೇರಿಸದ ರೋಗಿಗಳಿಗೆ ಅವರು ಜಾಗ ಕೊಟ್ಟರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವನ್ನೂ 1902ರಲ್ಲಿ ಪ್ಲೇಗ್ ರೋಗಿಗಳಿಗೆ ಪ್ರತ್ಯೇಕ ಆಸ್ಪತ್ರೆಯನ್ನೂ ತೆರೆದರು. ಅವರು 1910ರಲ್ಲಿ ತೀರಿಕೊಂಡರು. ಅವರ ಹೆಸರಿನ ವೈದ್ಯಕೀಯ ಕಾಲೇಜು ಬಂದದ್ದು 1999ರಲ್ಲಿ.

ಮುಲ್ಲರ್ ರೋಗಿಗೆ ಜಾಗ ಕೊಟ್ಟರೆ, ಕುದ್ಮುಲ್ ರಂಗರಾವ್ (1859–1928) ಕೇರಿಗೇ ಜಾಗ ಕೊಡಿಸಿದರು. ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಧ್ಯಾಯ ಅವರದೇ. ಕಾಸರಗೋಡಿನಲ್ಲಿ ಹುಟ್ಟಿದ ಸಾರಸ್ವತ ಬ್ರಾಹ್ಮಣರು, ಮಂಗಳೂರಿನಲ್ಲಿ ವಕೀಲರು, ಬ್ರಹ್ಮಸಮಾಜದ ಸದಸ್ಯರು. ದಲಿತ ಮಕ್ಕಳಿಗೆ ಶಾಲೆ ತೆರೆಯಲು ಹೊರಟಾಗ ಸ್ವಜಾತಿಯವರು ಅವರನ್ನು ಬಹಿಷ್ಕರಿಸಿದರು. ಮೇಲ್ಜಾತಿಯ ಶಿಕ್ಷಕರು ಸಿಗದಿದ್ದಾಗ ಕ್ರೈಸ್ತರನ್ನೂ ಬ್ರಹ್ಮಸಮಾಜದವರನ್ನೂ ನೇಮಿಸಿಕೊಂಡರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಊರ ಬಾಯಲ್ಲಿ ಅದು ಡಿ.ಸಿ.ಎಂ. ಆಯಿತು.

ಮಿಷನ್ನಿನ ಕ್ರಮವನ್ನು ಹತ್ತಿರದಿಂದ ನೋಡಿದರೆ ಅದು ಬರಿಯ ಶಾಲೆಯಾಗಿರಲಿಲ್ಲ ಎಂಬುದು ತಿಳಿಯುತ್ತದೆ. ಮಗು ಶಾಲೆಗೆ ಬಂದರೆ ಮನೆಗೆ ಒಂದು ಕೂಲಿ ಕಡಿಮೆಯಾಗುತ್ತಿತ್ತು. ಹಸಿದ ಮಗು ಮಧ್ಯಾಹ್ನದ ನಂತರ ಕೂರುತ್ತಿರಲಿಲ್ಲ. ಹಾಗಾಗಿ ಶಾಲೆಯಲ್ಲೇ ಮಧ್ಯಾಹ್ನದ ಊಟದ ವ್ಯವಸ್ಥೆಯಾಯಿತು. ಸರ್ಕಾರದ ಬಿಸಿಯೂಟ ಬರುವುದಕ್ಕೆ ಅಲ್ಲಿಂದ ಸುಮಾರು ನೂರು ವರ್ಷ ಹಿಡಿಯಿತು. ಓದು ಮುಗಿಸಿದವರಿಗೆ ಕೈಕೆಲಸ ಬೇಕಲ್ಲ, ಅದಕ್ಕೆ ಮಗ್ಗ, ಬಡಗಿತನದಂಥ ಕಸುಬು ಕಲಿಸುವ ಏರ್ಪಾಡು. ಧಣಿಯ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡವನನ್ನು ಧಣಿ ಯಾವತ್ತು ಬೇಕಾದರೂ ಎಬ್ಬಿಸಬಹುದಿತ್ತು. ಆದ್ದರಿಂದ ರಂಗರಾವ್ ಸರ್ಕಾರದಿಂದ ಭೂಮಿ ಪಡೆದು ಕೋರ್ಟ್ ಗುಡ್ಡೆ, ದಡ್ಡಲಕಾಡು, ಅತ್ತಾವರದ ಬಾಬುಗುಡ್ಡೆ ಮೊದಲಾದ ಕಡೆ ಕಾಲನಿಗಳನ್ನು ಮಾಡಿ ಹಂಚಿದರು. ಸ್ವಂತ ಜಾಗ ಬಂದ ಮೇಲೆ ಬಾವಿ ತೋಡಬಹುದು, ಗೋಡೆ ಎಬ್ಬಿಸಬಹುದು, ಮಳೆಗಾಲದಲ್ಲಿ ಒಣ ನೆಲದ ಮೇಲೆ ಮಲಗಬಹುದು. ಆರೋಗ್ಯ ಇಲಾಖೆಯ ಯಾವ ದಾಖಲೆಯೂ ಇದನ್ನು ಆರೋಗ್ಯ ಕಾರ್ಯಕ್ರಮವೆಂದು ಕರೆದಿರಲಾರದು. ಆದರೂ ಮಂಗಳೂರು ಕಂಡ ಅತ್ಯುತ್ತಮ ಆರೋಗ್ಯ ಕಾರ್ಯಕ್ರಮಗಳಲ್ಲಿ ಇದೊಂದು.

ತಮ್ಮ ಮಗಳು ರಾಧಾಬಾಯಿಯವರನ್ನು ರಂಗರಾವ್ ಬೇರೆ ಜಾತಿಯ, ತಮಿಳುನಾಡಿನ ಕುಮಾರಮಂಗಲದ ಪಿ. ಸುಬ್ಬರಾಯನ್ ಅವರಿಗೆ ಮದುವೆ ಮಾಡಿಕೊಟ್ಟರು. ಈ ಅಳಿಯ ಮುಂದೆ ಮದ್ರಾಸ್ ಪ್ರಾಂತದ ಮುಖ್ಯ ಸಚಿವರಾದರು. ವಯಸ್ಸಾದ ಮೇಲೆ ಮಿಷನ್ನನ್ನು ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಗೆ ಒಪ್ಪಿಸಿದ ರಂಗರಾವ್ ಕೊನೆಗೆ ಸಂನ್ಯಾಸ ಪಡೆದು ಈಶ್ವರಾನಂದ ಎನಿಸಿಕೊಂಡರು. ನಗರದ ಪುರಭವನಕ್ಕೆ ಈಗ ಅವರ ಹೆಸರಿದೆ. ಮುಂದಿನ ಪೀಳಿಗೆಯ ಸುಧಾರಕರು ಕಾರ್ನಾಡ್ ಸದಾಶಿವ ರಾವ್. ವಿಧವೆಯರಿಗೂ ನಿರ್ಗತಿಕ ಹೆಂಗಸರಿಗೂ ಆಸರೆಯಾಗಲೆಂದು ಅವರು 1911ರಲ್ಲಿ ಮಹಿಳಾ ಸಭೆಯನ್ನು ಆರಂಭಿಸಿದರು.

ಸ್ವಾತಂತ್ರ್ಯದ ನಂತರ ಈ ಕೆಲಸಕ್ಕೆ ತರಬೇತಾದ ಕೈಗಳು ಬಂದವು. ಮಂಗಳಾದೇವಿಯ ರಾಮಕೃಷ್ಣ ಮಠ ಬಡವರಿಗಾಗಿ ಧರ್ಮಾರ್ಥ ಔಷಧಾಲಯ ನಡೆಸಿತು. 1960ರಲ್ಲಿ ಆರಂಭವಾದ ರೋಶನಿ ನಿಲಯ ಸಮಾಜಕಾರ್ಯ ಶಾಲೆ ವಿದ್ಯಾರ್ಥಿಗಳನ್ನು ಕ್ಷೇತ್ರಕಾರ್ಯಕ್ಕೆಂದು ಕೇರಿ, ಕಾಲನಿಗಳಿಗೆ ಕಳಿಸಿತು. 1974ರಲ್ಲಿ ಆರಂಭವಾದ ಮಂಗಳೂರು ಧರ್ಮಪ್ರಾಂತದ ಸಮಾಜಸೇವಾ ಸಂಸ್ಥೆ ಸಿ.ಓ.ಡಿ.ಪಿ. ಮುಂದೆ ಸ್ವಸಹಾಯ ಗುಂಪುಗಳ ದಾರಿ ಹಿಡಿಯಿತು. ಹಿಲ್ಡಾ ರಾಯಪ್ಪನ್ 1987ರಲ್ಲಿ ಸ್ಥಾಪಿಸಿದ ಪ್ರಜ್ಞಾ ಸಲಹಾ ಕೇಂದ್ರ ಕುಡಿತ, ಮನೆಯೊಳಗಿನ ಹೊಡೆತ ಬಡಿತದಂಥ ವಿಷಯಗಳನ್ನು ಕೈಗೆತ್ತಿಕೊಂಡಿತು. ಇವು ವೈದ್ಯರ ಚೀಟಿಯಲ್ಲಿ ಬರುವ ರೋಗಗಳಲ್ಲ, ಆದರೆ ಕಾಲನಿಯ ಹೆಂಗಸರನ್ನು ಕೇಳಿದರೆ ಮೊದಲು ಹೇಳುವುದೇ ಇವನ್ನು.

ಹೆಂಗಸರ ಆರೋಗ್ಯದ ಮಾತು ಬಂದಾಗ ಬೀಡಿ ಕಟ್ಟುವ ಕಸುಬನ್ನು ಬಿಡುವಂತಿಲ್ಲ. ಮಡಿಲಲ್ಲಿ ಗೆರಸೆ, ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಬಗ್ಗಿಸಿದ ಬೆನ್ನು ನೆಟ್ಟಗಾಗುವುದು ಅಡುಗೆಗೆ ಎದ್ದಾಗ, ಕಟ್ಟಿದ ಬೀಡಿಯನ್ನು ಕಂಪನಿಯ ಬ್ರಾಂಚಿಗೆ ಕೊಟ್ಟುಬರುವಾಗ. ಕೆಮ್ಮು, ಕುತ್ತಿಗೆ ನೋವು, ರಕ್ತಹೀನತೆ ಈ ಕಸುಬಿನ ಜೊತೆಗೇ ಬರುತ್ತವೆ. 1976ರ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಕಾಯ್ದೆಯಿಂದ ಔಷಧಾಲಯ, ಮಕ್ಕಳಿಗೆ ವಿದ್ಯಾರ್ಥಿವೇತನ, ಮನೆಗೆ ನೆರವು ಬಂದವು. ಅದಕ್ಕೆ ಹಣ ಬರುತ್ತಿದ್ದದ್ದು ಬೀಡಿಯ ಮೇಲಿನ ಸೆಸ್‌ನಿಂದ. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ರದ್ದಾಯಿತು.

1990ರ ದಶಕದಲ್ಲಿ ನಗರಕ್ಕೆ ಮಲೇರಿಯ ಮರಳಿತು, ಬಹುಕಾಲ ಹೋಗಲಿಲ್ಲ. ರಾಜ್ಯದ ಪ್ರಕರಣಗಳಲ್ಲಿ ದೊಡ್ಡ ಪಾಲು ಎಷ್ಟೋ ವರ್ಷ ಮಂಗಳೂರಿನದೇ ಆಗಿತ್ತು. ಕಾರಣ ಕೊಳಚೆಯಲ್ಲ, ಕಟ್ಟಡ. ಇಲ್ಲಿ ಮಲೇರಿಯ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಗೆ ಬೇಕಾದದ್ದು ಶುದ್ಧ ನೀರು: ಸ್ಲ್ಯಾಬ್ ಒಣಗದಂತೆ ಕಟ್ಟಿ ನಿಲ್ಲಿಸಿದ ನೀರು, ಮುಚ್ಚಳವಿಲ್ಲದ ಟ್ಯಾಂಕ್, ಲಿಫ್ಟ್‌ಗೆಂದು ತೋಡಿದ ಗುಂಡಿ. ಅಪಾರ್ಟ್‌ಮೆಂಟ್ ಕಟ್ಟಲು ಉತ್ತರ ಕರ್ನಾಟಕದಿಂದ, ಆಮೇಲೆ ಬಿಹಾರ, ಒಡಿಶಾ, ಬಂಗಾಳದಿಂದ ಬಂದವರು ಅದೇ ಅರೆಕಟ್ಟಿದ ಮಹಡಿಯಲ್ಲಿ ಮಲಗುತ್ತಿದ್ದರು. ಇಲ್ಲಿ ಹೆಚ್ಚಾಗಿ ಕಾಣುವ ವೈವಾಕ್ಸ್ ಜಾತಿಯ ರೋಗಾಣು ಯಕೃತ್ತಿನಲ್ಲಿ ಅಡಗಿ ಕೂರುತ್ತದೆ. ಅದನ್ನು ತೆಗೆಯಲು 14 ದಿನ ಪ್ರೈಮಾಕ್ವಿನ್ ನುಂಗಬೇಕು. ಜ್ವರ ಮೂರನೇ ದಿನಕ್ಕೆ ಇಳಿಯುತ್ತದೆ, ಕೆಲಸಗಾರ ನಾಲ್ಕನೇ ದಿನ ಬೇರೆ ಸೈಟಿಗೆ ಹೋಗಿರುತ್ತಾನೆ. ವೈದ್ಯ ಬಿ. ಶ್ರೀನಿವಾಸ ಕಕ್ಕಿಲ್ಲಾಯರಂಥವರು ಇದನ್ನು ಬರೆದು, ಹೇಳಿ ಜನರ ಗಮನಕ್ಕೆ ತಂದರು. ನಗರಪಾಲಿಕೆಯ ಮಲೇರಿಯ ಕಾರ್ಯಕರ್ತರು ಸೈಟುಗಳಿಗೇ ಹೋಗಿ ಬೆರಳು ಚುಚ್ಚಿ ರಕ್ತಲೇಪನ ತೆಗೆದರು. ಬಾವಿಗಳಿಗೆ ಲಾರ್ವ ತಿನ್ನುವ ಮೀನು ಬಿಟ್ಟರು. ನೀರು ನಿಲ್ಲಿಸಿದ ಮಾಲಿಕರಿಗೆ ದಂಡ ಹಾಕಿದರು. 2015ರ ಹೊತ್ತಿಗೆ ಪ್ರತಿ ಪ್ರಕರಣವನ್ನೂ ಟ್ಯಾಬ್‌ನಲ್ಲಿ ಸ್ಥಳಸಮೇತ ದಾಖಲಿಸಿ, ಸುತ್ತಲಿನ ಮನೆಗಳನ್ನು ಕೂಡಲೇ ಪರೀಕ್ಷಿಸುವ ತಂತ್ರಾಂಶ ಬಳಕೆಗೆ ಬಂತು. ನಂತರದ ವರ್ಷಗಳಲ್ಲಿ ಪ್ರಕರಣಗಳು ಗಣನೀಯವಾಗಿ ಇಳಿದವು.

ಚರಂಡಿ ಮತ್ತು ಕಸದ ವಿಷಯದಲ್ಲಿ ಇಂಥ ಮಾತು ಹೇಳಲಾಗದು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಒಳಚರಂಡಿ ಕೆಲಸ ನಡೆಯಿತಾದರೂ ಎಲ್ಲ ಬಡಾವಣೆಗಳಿಗೂ ಅದು ಮುಟ್ಟಲಿಲ್ಲ. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ಮನೆ, ಅಡಿಕೆ ತೋಟಗಳ ಮೇಲೆ ಬಂದು ಕೂತಿತು. ಅಲ್ಲಿದ್ದ ಕುಟುಂಬಗಳನ್ನು ಸ್ಥಳಾಂತರಿಸಬೇಕಾಯಿತು. ನಗರದ ಕಸ ಬಳಿಯುವ ಕೆಲಸವನ್ನು ತಲೆಮಾರುಗಳಿಂದ ಹೊತ್ತ ಕೊರಗ ಸಮುದಾಯದವರಿಗೆ, ಅವರನ್ನು ಕೀಳೆಂದು ಬಗೆದು ಹೀನ ಸೇವೆ ಮಾಡಿಸುವ ಅಜಲು ಪದ್ಧತಿಯ ಅವಮಾನದಿಂದ ಕಾನೂನಿನ ರಕ್ಷಣೆ ಸಿಕ್ಕಿದ್ದೇ 2000ದ ಕಾಯ್ದೆಯಿಂದ. ರಾಮಕೃಷ್ಣ ಮಿಷನ್ನಿನ ಸ್ವಚ್ಛ ಮಂಗಳೂರು ಅಭಿಯಾನ ಭಾನುವಾರದ ಶ್ರಮದಾನಕ್ಕೆ ಸಾವಿರಾರು ಜನರನ್ನು ಬೀದಿಗಿಳಿಸಿತು. ಅದು ಒಳ್ಳೆಯ ಕೆಲಸವೇ. ಆದರೆ ಪೌರಕಾರ್ಮಿಕರ ವಾರದ ಉಳಿದ ದಿನಗಳನ್ನು ಅದೊಂದೇ ಬದಲಿಸಲಾರದು.

2013ರ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದಿಂದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರ, ಆಶಾ ಕಾರ್ಯಕರ್ತೆ, 50ರಿಂದ 100 ಮನೆಗಳಿಗೊಂದು ಮಹಿಳಾ ಆರೋಗ್ಯ ಸಮಿತಿ ಎಂಬ ವ್ಯವಸ್ಥೆ ಬಂತು. 2022ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ನಮ್ಮ ಕ್ಲಿನಿಕ್‌ಗಳು ಇದಕ್ಕೆ ಸೇರಿದವು. ವೆನ್‌ಲಾಕ್‌ನಲ್ಲಿ ರೋಗಿಗಳ ಜೊತೆಗೆ ಬಂದವರಿಗೆ ರಾತ್ರಿ ಊಟ ಕೊಡುವ ಎಂ. ಫ್ರೆಂಡ್ಸ್ ಸಂಸ್ಥೆಯ ಕಾರುಣ್ಯ ಯೋಜನೆಯಂಥ ಖಾಸಗಿ ಸೇವೆ ಇವುಗಳ ಪಕ್ಕದಲ್ಲೇ ನಡೆಯುತ್ತದೆ.

ಸಮಿತಿ, ಆಶಾ, ಕ್ಲಿನಿಕ್ ಎಲ್ಲವೂ ಒಂದೇ ಕಡೆ ನೆಲೆನಿಂತ ಮನೆಗಳನ್ನು ಲೆಕ್ಕಕ್ಕೆ ಹಿಡಿದು ಮಾಡಿದವು. ಸೈಟಿನಿಂದ ಸೈಟಿಗೆ ಹೋಗುವ ಕೂಲಿಯವರು ಇವುಗಳಿಗೆ ಸಿಗುವುದು ಕಷ್ಟ. ಕಟ್ಟಡ ಕಾರ್ಮಿಕರಿಗೆ ಉಚಿತ ತಾತ್ಕಾಲಿಕ ವಸತಿ, ಬೇರೆ ಅಡುಗೆ ಜಾಗ, ಸ್ನಾನದ ಮನೆ, ಶೌಚಾಲಯ ಒದಗಿಸುವುದು ಉದ್ಯೋಗದಾತನ ಹೊಣೆ ಎಂದು 1996ರ ಕೇಂದ್ರ ಕಾಯ್ದೆ ಹೇಳಿತ್ತು. ಮಂಗಳೂರಿನ ಮಲೇರಿಯಕ್ಕೆ ಇಂಥ ಒಂದು ಕಲಮಿನ ಜಾರಿ ಸೊಳ್ಳೆ ಕೊಲ್ಲುವ ಹೊಗೆ ಯಂತ್ರಕ್ಕಿಂತ ಹೆಚ್ಚಿನ ಮದ್ದು.