ಚಲಚ್ಚಿತ್ರದಲ್ಲಿ ನೌಕಾಯುದ್ಧದ ಪರಿಕರಗಳು: ‘ಸರ್ಪ್ರೈಸ್’ ನಾವೆಯ ವಿಚಾರ

ಯುದ್ಧವನ್ನು ರಂಗದ ಮೇಲೆ ತೋರಿಸುವಾಗ ಆಯುಧಗಳು ಹೇಗಿರಬೇಕೆಂಬ ಪ್ರಶ್ನೆಯು ನಮ್ಮ ಲಾಕ್ಷಣಿಕರಿಗೆ ಹೊಸದಲ್ಲ. ಭರತನು ಆಹಾರ್ಯಾಭಿನಯವನ್ನು ನಿರೂಪಿಸುತ್ತ ಬೆಟ್ಟ, ವಾಹನ, ವಿಮಾನ, ಗುರಾಣಿ, ಕವಚ, ಧ್ವಜ ಮೊದಲಾದವುಗಳ ಕೃತಕ ರೂಪಗಳಿಗೆ ‘ಪುಸ್ತ’ವೆಂಬ ಹೆಸರನ್ನಿತ್ತಿದ್ದಾನೆ, ರಂಗದ ಆಯುಧಗಳು ಹಗುರವಾದ ಸಾಮಗ್ರಿಯಿಂದಾಗಿರಬೇಕೆಂದೂ ನಿಜವಾದ ಪ್ರಹಾರವು ಕೂಡದೆಂದೂ ವಿಧಿಸಿದ್ದಾನೆ. ಅಲ್ಲಿ ಸಾದೃಶ್ಯವು ರಸಕ್ಕೆ ಸಾಕಾಗುವಷ್ಟಿದ್ದರೆ ಸಾಕು. ಚಲಚ್ಚಿತ್ರದ ಯಂತ್ರನೇತ್ರವಾದರೋ ವಸ್ತುವಿನ ತೀರ ಸಮೀಪಕ್ಕೆ ಹೋಗಿ ನೋಡುವುದರಿಂದ, ಅಲ್ಲಿ ಪುಸ್ತಕ್ಕೆ ಚರಿತ್ರೆಯ ಪ್ರಾಮಾಣ್ಯವೂ ಬೇಕೆಂದು ಪ್ರೇಕ್ಷಕರು ಅಪೇಕ್ಷಿಸುತ್ತಾರೆ. ಈ ಪ್ರಾಮಾಣ್ಯದ ಬೆಲೆಯೆಷ್ಟು, ಎಲ್ಲೆ ಯಾವುದು ಎಂಬುದನ್ನು ನಿರ್ಣಯಿಸುವುದಕ್ಕೆ 2003ರಲ್ಲಿ ಪೀಟರ್ ವಿಯರ್ ನಿರ್ದೇಶಿಸಿದ ‘ಮಾಸ್ಟರ್ ಅಂಡ್ ಕಮಾಂಡರ್’ ಎಂಬ ಚಿತ್ರವು ಒಳ್ಳೆಯ ನಿದರ್ಶನವಾಗಿದೆ.

ಚಿತ್ರದ ಕಥಾಕಾಲವು 1805. ಇಂಗ್ಲಿಷರ ‘ಸರ್ಪ್ರೈಸ್’ ಎಂಬ 28 ಫಿರಂಗಿಗಳ ನಾವೆಯು, ತನಗಿಂತ ಬಲಿಷ್ಠವಾದ ‘ಅಕೆರಾನ್’ ಎಂಬ ಫ್ರೆಂಚ್ ನಾವೆಯನ್ನು ಬ್ರೆಜಿಲಿನ ಕರಾವಳಿಯಿಂದ ಶಾಂತಸಾಗರದವರೆಗೆ ಬೆನ್ನಟ್ಟುವುದೇ ಕಥಾವಸ್ತು. ಸರ್ಪ್ರೈಸಿನ ಪಾತ್ರವನ್ನು ವಹಿಸಿದ್ದು ‘ರೋಸ್’ ಎಂಬ ಹಡಗು. 1757ರಲ್ಲಿ ಕಟ್ಟಿದ್ದ ಅದೇ ಹೆಸರಿನ ಯುದ್ಧನೌಕೆಯ ಪ್ರತಿಕೃತಿಯಾಗಿ ಇದು 1970ರಲ್ಲಿ ಕೆನಡಾದೇಶದ ಲೂನೆನ್‌ಬರ್ಗಿನಲ್ಲಿ ನಿರ್ಮಿತವಾಗಿತ್ತು. ಇದಲ್ಲದೆ ಮೆಕ್ಸಿಕೋ ದೇಶದಲ್ಲಿ, ಹಿಂದೆ ‘ಟೈಟಾನಿಕ್’ ಚಿತ್ರಕ್ಕಾಗಿ ತೋಡಿದ್ದ ವಿಶಾಲವಾದ ಕೊಳದಲ್ಲಿ, ಯಂತ್ರದ ಮೇಲೆ ತೂಗಾಡುವ ಇನ್ನೊಂದು ಪೂರ್ಣಪ್ರಮಾಣದ ನಾವೆಯನ್ನು ನಿಲ್ಲಿಸಿದರು. ಭರತನು ಯಂತ್ರಸಾಧ್ಯವಾದ ಪುಸ್ತವನ್ನು ‘ವ್ಯಾಜಿಮ’ವೆಂದು ಕರೆದುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆಯು ದೊರೆಯುವುದು ಕಷ್ಟ. ದೂರದ ನೋಟಗಳಿಗಾಗಿ ಸಣ್ಣ ಮಾದರಿಗಳನ್ನೂ ಮಾಡಿಸಿದ್ದರು. ಹಾರ್ನ್ ಭೂಶಿರದ ಬಿರುಗಾಳಿಯನ್ನಾದರೋ, ಕುಕ್ಕನ ‘ಎಂಡೆವರ್’ ನೌಕೆಯ ಪ್ರತಿಕೃತಿಯು ಆ ಸಮುದ್ರದಲ್ಲಿ ಸಂಚರಿಸುತ್ತಿದ್ದಾಗ ಅದರ ಮೇಲಿಂದಲೇ ಚಿತ್ರಿಸಿಕೊಂಡರು.

ಕೈಯಾಯುಧಗಳ ವಿಷಯದಲ್ಲಿಯೂ ಔಚಿತ್ಯವು ಎದ್ದು ಕಾಣುತ್ತದೆ. ಆ ಕಾಲದ ಕೋವಿಗಳೂ ಪಿಸ್ತೂಲುಗಳೂ ಚಕಮಕಿ ಕಲ್ಲಿನ ಕಿಡಿಯಿಂದ ಮದ್ದನ್ನು ಹೊತ್ತಿಸುವಂಥವು. ಒಮ್ಮೆ ಹಾರಿಸಿದ ಪಿಸ್ತೂಲಿಗೆ ನೂಕುನುಗ್ಗಲಿನ ಕದನದಲ್ಲಿ ಮತ್ತೆ ಮದ್ದು ತುಂಬುವುದಕ್ಕೆ ಅವಕಾಶವಿಲ್ಲ. ಅನಂತರ ಅದು ದೊಣ್ಣೆಯಂತೆ ಬಡಿಯುವುದಕ್ಕೆ ಮಾತ್ರ ಉಪಯೋಗ. ಆದಕಾರಣ ಶತ್ರುನಾವೆಯನ್ನೇರುವ ನಾವಿಕರಿಗೆ ಕತ್ತಿ, ಕೊಡಲಿ, ಈಟಿಗಳೇ ಮುಖ್ಯಾಯುಧಗಳಾಗಿದ್ದವು. ಬ್ರಿಟಿಷ್ ನೌಕಾಬಲದಲ್ಲಿ 1804ರ ಮಾದರಿಯೆಂದು ಪ್ರಸಿದ್ಧವಾದ ಕತ್ತಿಗೆ ನೇರವಾದ ಅಲಗು, ಎರಡು ಬಿಲ್ಲೆಗಳನ್ನು ಸೇರಿಸಿದಂತಿರುವ ಕಬ್ಬಿಣದ ಕೈಗಾಪು. ಇದರಲ್ಲಿ ಅಲಂಕಾರದ ಲೇಶವೂ ಇಲ್ಲ. ಚಿತ್ರದಲ್ಲಿ ಅಧಿಕಾರಿಯ ಖಡ್ಗಕ್ಕೂ ಸಾಮಾನ್ಯ ನಾವಿಕನ ಆಯುಧಕ್ಕೂ ಇರುವ ಅಂತರವು ಮಾತಿಲ್ಲದೆ ಪದವಿಭೇದವನ್ನು ತಿಳಿಸುತ್ತದೆ. ಪರಿಕರವು ಇಲ್ಲಿ ಅಲಂಕಾರವಾಗಿ ಉಳಿಯದೆ ಅರ್ಥದ್ಯೋತಕವೂ ಆಗಿದೆ.

ಫಿರಂಗಿಯ ಕಾರ್ಯಕ್ರಮವೂ ಹಾಗೆಯೇ. ಬಟ್ಟೆಯ ಚೀಲದಲ್ಲಿ ಕಟ್ಟಿದ ಮದ್ದನ್ನು ನೆಲಮಾಳಿಗೆಯಿಂದ ಹುಡುಗರು ಹೊತ್ತು ತರುವುದು, ಅದನ್ನು ಗುಂಡಿನೊಡನೆ ಗಿಡಿದು ತುಂಬುವುದು, ಗಾಲಿಗಳ ಮೇಲೆ ಫಿರಂಗಿಯನ್ನು ಮುಂದಕ್ಕೆಳೆಯುವುದು, ಹಾರಿದೊಡನೆ ಹಿಮ್ಮೆಟ್ಟುವ ಅದನ್ನು ದಪ್ಪ ಹಗ್ಗವು ತಡೆಯುವುದು, ಇವೆಲ್ಲವೂ ಕ್ರಮವಾಗಿ ತೋರುತ್ತವೆ. ನಾಯಕನು ಗಡಿಯಾರವನ್ನು ಹಿಡಿದು ಅಭ್ಯಾಸದ ವೇಗವನ್ನು ಅಳೆಯುತ್ತಾನೆ. ಶಬ್ದಕ್ಕಾಗಿ ನಿಜವಾದ ಫಿರಂಗಿಗಳನ್ನು ಗುಂಡುಸಹಿತ ಹಾರಿಸಿ ಧ್ವನಿಯನ್ನು ಮುದ್ರಿಸಿಕೊಂಡರು. ಧ್ವನಿಸಂಯೋಜನೆಗೂ ಛಾಯಾಗ್ರಹಣಕ್ಕೂ ಚಿತ್ರಕ್ಕೆ 2004ರಲ್ಲಿ ಆಸ್ಕರ್ ಪಾರಿತೋಷಕಗಳು ದೊರೆತವು.

ಹೀಗಿದ್ದರೂ ಚರಿತ್ರಕಾರನು ಇಲ್ಲಿ ಎಚ್ಚರದಿಂದಿರಬೇಕು. ಚಾರಿತ್ರಿಕವಾದ ಸರ್ಪ್ರೈಸ್ ಮೊದಲು ಫ್ರೆಂಚರ ‘ಯುನಿಟೆ’. 1796ರಲ್ಲಿ ಇಂಗ್ಲಿಷರ ಕೈಸೇರಿ ಹೆಸರನ್ನು ಬದಲಿಸಿಕೊಂಡಿತು. 1799ರಲ್ಲಿ ‘ಹರ್ಮಿಯೋನ್’ ನೌಕೆಯನ್ನು ಮರಳಿ ವಶಪಡಿಸಿಕೊಂಡು ಕೀರ್ತಿಯನ್ನು ಪಡೆಯಿತು. 1802ರಲ್ಲಿ ಮಾರಾಟವಾಗಿ ಹೋಯಿತು. ಎಂದರೆ 1805ರಲ್ಲಿ ಅದು ನೌಕಾಬಲದಲ್ಲಿ ಇರಲೇ ಇಲ್ಲ. ಅದರ ಬಲವೂ ಬಹುಮಟ್ಟಿಗೆ ಕರೊನೇಡ್ ಎಂಬ, ಭಾರವಾದ ಗುಂಡನ್ನು ಸಮೀಪಕ್ಕೆ ಮಾತ್ರ ಎಸೆಯುವ ಗಿಡ್ಡ ಫಿರಂಗಿಗಳಲ್ಲಿತ್ತು. ಚಿತ್ರದಲ್ಲಿ ಮೆರೆಯುವುದು ಉದ್ದನೆಯ ಫಿರಂಗಿಗಳು. ಇದು ಅಲ್ಪಭೇದವಲ್ಲ: ಆಯುಧವು ಬದಲಾದರೆ ಕಾದುವ ದೂರವೂ ತಂತ್ರವೂ ಬದಲಾಗುತ್ತವೆ.

ಇದಕ್ಕಿಂತಲೂ ಗುರುತರವಾದುದು ಶತ್ರುವಿನ ಬದಲಾವಣೆ. ಪ್ಯಾಟ್ರಿಕ್ ಓಬ್ರಿಯನ್ 1984ರಲ್ಲಿ ಪ್ರಕಟಿಸಿದ ಮೂಲ ಕಾದಂಬರಿಯಲ್ಲಿ ಕಾಲವು 1812ರ ಆಂಗ್ಲ-ಅಮೆರಿಕನ್ ಯುದ್ಧದ್ದು. ಓಡುವ ನೌಕೆಯು ಅಮೆರಿಕನ್ನರದು. ಅಮೆರಿಕದ ಚಿತ್ರಸಂಸ್ಥೆಗಳು ಬಂಡವಾಳವನ್ನು ಹೂಡಿದ ಚಿತ್ರದಲ್ಲಿ ಅದು ಫ್ರೆಂಚರದಾಯಿತು. ಆದರೂ ಅಕೆರಾನಿನ ಆಕಾರವನ್ನು 1797ರಲ್ಲಿ ಬಾಸ್ಟನ್ನಿನಲ್ಲಿ ನೀರಿಗಿಳಿದ ‘ಕಾನ್‌ಸ್ಟಿಟ್ಯೂಷನ್’ ಎಂಬ ಅಮೆರಿಕನ್ ನೌಕೆಯಿಂದಲೇ ತೆಗೆದುಕೊಂಡರು. ಕಥೆಯೊಳಗೂ ಅದು ಬಾಸ್ಟನ್ನಿನಲ್ಲಿ ಕಟ್ಟಿದ ಹಡಗೆಂದೇ ಉಕ್ತವಾಗಿದೆ. ಕಥನವು ಮರೆಸಿದುದನ್ನು ಮರದ ಒಡಲು ನೆನಪಿಸುತ್ತದೆ.

ಹಗ್ಗ, ಹಾಯಿ, ಕತ್ತಿ, ಗುಂಡುಗಳು ನಿಜವಾದಷ್ಟೂ ಅವುಗಳ ನಡುವೆ ನಡೆಯುವ ಸಂಗತಿಯೂ ನಿಜವೆಂದೇ ಪ್ರೇಕ್ಷಕನು ನಂಬುತ್ತಾನೆ. ವಸ್ತುವಿನ ಸತ್ಯವು ವೃತ್ತಾಂತಕ್ಕೆ ಜಾಮೀನಾಗಿಬಿಡುತ್ತದೆ. ಚಾರಿತ್ರಿಕ ಕಾದಂಬರಿಯನ್ನೂ ನಾಟಕವನ್ನೂ ಬೋಧಿಸುವವರಿಗೆ ಈ ವಿವೇಕವು ಅವಶ್ಯಕ. ಪರಿಕರಗಳಿಂದ ಒಂದು ಕಾಲದ ಜನರು ಹೇಗೆ ದುಡಿದರು, ಹೇಗೆ ನೊಂದರು ಎಂಬುದನ್ನು ಕಲಿಯಬಹುದು. ಯಾರು ಯಾರೊಡನೆ ಏಕೆ ಹೋರಾಡಿದರೆಂಬುದನ್ನು ಮಾತ್ರ ದಾಖಲೆಗಳಿಂದಲೇ ತಿಳಿಯಬೇಕು.