ಕುಡಿಯುವ ನೀರು: ಅರಿವೆಯಿಂದ ನಲ್ಲಿಯ ಫಿಲ್ಟರಿನವರೆಗೆ



ನಮ್ಮ ಉಡುಪಿ ಕಡೆಯ ಮನೆಗಳಿಗೆ ಯಾರೇ ಬಂದರೂ ಮೊದಲು ಚಾವಡಿಗೆ ಬರುವುದು ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು. ಬಂದವರು ನೀರು ಎಲ್ಲಿಯದೆಂದು ಕೇಳುವುದಿಲ್ಲ. ಮನೆಯವರ ಮೇಲಿನ ನಂಬಿಕೆಯಿಂದಲೇ ಕುಡಿಯುತ್ತಾರೆ. ಆ ನಂಬಿಕೆಯನ್ನು ಕಾಯುವ ಭಾರ ಮನೆಯವರದು. ಈಚಿನ ವರ್ಷಗಳಲ್ಲಿ ಅಡುಗೆಮನೆಯ ನಲ್ಲಿಯ ಮೂತಿಗೆ ಸಿಕ್ಕಿಸುವ ಸಣ್ಣ ಫಿಲ್ಟರು ಬಂದುಂಟಷ್ಟೆ. “ಇದನ್ನು ತಂದರೆ ನೀರು ಕುದಿಸುವ ತಾಪತ್ರಯವೇ ಇಲ್ಲವಂತೆ, ಹೌದೋ?” ಎಂದು ಕಾಪುವಿನಲ್ಲಿಯೂ ಕೇಳುತ್ತಾರೆ, ಕಾರ್ಕಳದಲ್ಲಿಯೂ ಕೇಳುತ್ತಾರೆ. ಒಂದೇ ಮಾತಿನಲ್ಲಿ ಉತ್ತರ ಕೊಡಬಹುದಿತ್ತು. ಆದರೆ ಮನುಷ್ಯನು ನೀರು ಸೋಸಲು ಕಲಿತ ಕತೆಯನ್ನು ಪೂರಾ ಕೇಳಿದರೆ, ಉತ್ತರವನ್ನು ನೀವೇ ಹೇಳುವಿರಿ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ನಾನು ಕೃಷಿ ಡಿಪ್ಲೊಮಾ ಓದಿದವ. ಊರಿಗೆಲ್ಲ ಬುದ್ಧಿ ಹೇಳುವವ. ನಮ್ಮ ಮನೆಯಲ್ಲಿ ಅಮ್ಮ ದಿನಾ ಬೆಳಿಗ್ಗೆ ಹಂಡೆ ನೀರು ಕುದಿಸಿ, ಜೀರಿಗೆ ಹಾಕಿ ಇಡುತ್ತಿದ್ದರು. ನಾನು ಅಂಗಡಿಯಿಂದ ಒಂದು ನಲ್ಲಿ ಫಿಲ್ಟರು ತಂದು ಸಿಕ್ಕಿಸಿ, “ಇನ್ನು ಕುದಿಸುವುದು ಬೇಡ ಅಮ್ಮ” ಎಂದೆ. ನೀರು ಕನ್ನಡಿಯ ಹಾಗೆ ಬರುತ್ತಿತ್ತು, ವಾಸನೆ ಇರಲಿಲ್ಲ. ಆ ವರ್ಷದ ಆಟಿ ತಿಂಗಳಲ್ಲಿ ತಮ್ಮನ ಮಗನಿಗೆ ಕಾಮಾಲೆ ಹತ್ತಿತು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, “ನೀರು ಕುದಿಸಿ ಕೊಡುತ್ತೀರಾ?” ಅಮ್ಮ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಕಾಮಾಲೆ ಆ ನೀರಿನಿಂದಲೇ ಬಂತೆಂದು ನಾನು ಆಣೆ ಹಾಕಲಾರೆ. ಹುಡುಗ ಶಾಲೆಯಲ್ಲಿಯೂ ನೀರು ಕುಡಿಯುತ್ತಿದ್ದ. ಹುಡುಗ ಹುಷಾರಾದ. ಆದರೆ ಆ ಫಿಲ್ಟರಿನ ಒಳಗೆ ಏನಿದೆ, ಅದು ಏನನ್ನು ಹಿಡಿಯುತ್ತದೆ, ಏನನ್ನು ಬಿಡುತ್ತದೆ ಎಂದು ನಾನು ತರುವ ಮೊದಲು ಕೇಳಿರಲಿಲ್ಲ ಎಂಬುದು ಮಾತ್ರ ಸತ್ಯ. ಕೇಳಿದ್ದು ಆಮೇಲೆ.

ಈಗ ಕತೆಗೆ ಬರೋಣ. ಸೋಸುವುದರಲ್ಲಿ ಎಲ್ಲಕ್ಕಿಂತ ಹಳೆಯದು ಅರಿವೆ. ನಮ್ಮ ಕಾರ್ಕಳವನ್ನೇ ನೋಡಿ. 1432ರಲ್ಲಿ ಅಲ್ಲಿ ಗೊಮ್ಮಟ ನಿಂತ. 1586ರಲ್ಲಿ ಚತುರ್ಮುಖ ಬಸದಿ ಎದ್ದಿತು. ಜೈನ ಮನೆತನಗಳಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯಬಾರದೆಂಬ ನೇಮ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಗಳನ್ನು ತೆಗೆದ ನೀರಿಗೇ ಮರಳಿ ಬಿಡಬೇಕು. ಅದು ಅಹಿಂಸೆಗಾಗಿ ಹುಟ್ಟಿದ ನೇಮ. ಆದರೆ ಕುಡಿಯುವವನಿಗೂ ಅದರಿಂದ ಲಾಭವುಂಟೆಂದು ಬಹು ಕಾಲದ ಮೇಲೆ ಗೊತ್ತಾಯಿತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ನಾಲ್ಕು ಮಡಿಕೆಗೂ ಮಿಗಿಲಾಗಿ ಮಡಚಿ ಕೆರೆ ಹೊಳೆಯ ನೀರು ಸೋಸಿ ಕುಡಿದವರಲ್ಲಿ ಕಾಲರಾ ಸುಮಾರು ಅರ್ಧಕ್ಕೆ ಇಳಿಯಿತೆಂದು 2003ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಕಾಲರಾದ ರೋಗಾಣು ನೀರಿನಲ್ಲಿರುವ ಪುಟ್ಟ ಜೀವಿಗಳ ಮೈಗೆ ಅಂಟಿಕೊಂಡಿರುತ್ತದೆ; ಆ ಜೀವಿ ಬಟ್ಟೆಯಲ್ಲಿ ನಿಂತರೆ ರೋಗಾಣುವೂ ನಿಂತಿತು. ಒಗೆದೊಗೆದು ನೂಲು ಉಬ್ಬಿದ ಹಳೆಯ ಸೀರೆಯೇ ಹೊಸದಕ್ಕಿಂತ ಮೇಲು. ಆದರೆ ಅರ್ಧ ಎಂಬುದನ್ನು ಮರೆಯಬೇಡಿ. ಇನ್ನರ್ಧ ಬಟ್ಟೆಯನ್ನು ದಾಟಿಯೇ ಹೋಯಿತು.

ಕೆಸರು ನೀರನ್ನು ತಿಳಿ ಮಾಡಲು ಹಿಂದಿನವರು ಕತಕದ ಬೀಜವನ್ನು, ಅಂದರೆ ಚಿಲ್ಲದ ಬೀಜವನ್ನು, ಮಡಕೆಯ ಒಳಮೈಗೆ ತೇಯುತ್ತಿದ್ದರು. ಸುಶ್ರುತ ಸಂಹಿತೆಯಲ್ಲಿ ನೀರು ತಿಳಿಗೊಳಿಸುವ ವಸ್ತುಗಳ ಪೈಕಿ ಇದೂ ಉಂಟು, ಬಟ್ಟೆಯೂ ಉಂಟು. ಬೀಜದ ಹೆಸರು ಹೇಳಿದರೆ ಸಾಲದು, ತೇಯಬೇಕು ಎಂಬ ತಿಳಿವಳಿಕೆಯೂ ಅವರಿಗಿತ್ತು. ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಫಿಲ್ಟರು ಕೊಳ್ಳುವ ನಾವು ಇದನ್ನು ನೆನಪಿಡಬೇಕು.

ಎರಡನೆಯದು ಹೊಯಿಗೆ. 1804ರಲ್ಲಿ ಸ್ಕಾಟ್‌ಲೆಂಡಿನ ಪೈಸ್ಲಿ ಎಂಬ ಊರಿನಲ್ಲಿ ಹೊಯಿಗೆಯಲ್ಲಿ ಸೋಸಿದ ನೀರು ಊರಿಗೆ ಸಿಕ್ಕಿತು. 1829ರಲ್ಲಿ ಲಂಡನ್ನಿನಲ್ಲಿ ದೊಡ್ಡ ಹೊಯಿಗೆ ಮಡಿಗಳಾದವು. ಅದರಿಂದ ರೋಗ ತಡೆಯುತ್ತದೆಯೇ? ಇದಕ್ಕೆ ಉತ್ತರ ಸಿಕ್ಕಿದ್ದು 1892ರಲ್ಲಿ, ಜರ್ಮನಿಯಲ್ಲಿ. ನಾವು ಗೊಬ್ಬರದ ಗುಣ ತೋರಿಸಬೇಕಾದರೆ ಏನು ಮಾಡುತ್ತೇವೆ? ಅಕ್ಕಪಕ್ಕದ ಎರಡು ಗದ್ದೆಗಳಲ್ಲಿ ಒಂದಕ್ಕೆ ಹಾಕಿ, ಇನ್ನೊಂದನ್ನು ಹಾಗೆಯೇ ಬಿಡುತ್ತೇವೆ. ಅಲ್ಲಿ ಅಂಥದೇ ಒಂದು ಪರೀಕ್ಷೆ ತಾನಾಗಿ ನಡೆಯಿತು. ಎಲ್ಬ ನದಿಯ ದಡದಲ್ಲಿ ಹ್ಯಾಂಬರ್ಗ್, ಅದಕ್ಕೆ ತಾಗಿಕೊಂಡೇ ಆಲ್ಟೋನಾ. ಹ್ಯಾಂಬರ್ಗಿನವರು ನದಿಯ ನೀರನ್ನು ಸೋಸದೆ ಕುಡಿಯುತ್ತಿದ್ದರು. ಆಲ್ಟೋನಾದವರು ಇನ್ನೂ ಕೆಳಗೆ, ಹ್ಯಾಂಬರ್ಗಿನ ಹೊಲಸೆಲ್ಲ ಸೇರಿದ ಮೇಲಿನ ನೀರನ್ನು ಎತ್ತಿ, ಹೊಯಿಗೆಯಲ್ಲಿ ನಿಧಾನವಾಗಿ ಸೋಸಿ ಕುಡಿಯುತ್ತಿದ್ದರು. ಕಾಲರಾ ಬಂತು. ಹ್ಯಾಂಬರ್ಗಿನಲ್ಲಿ 8,000ಕ್ಕೂ ಮಿಕ್ಕಿ ಜನ ಸತ್ತರು. ಆಲ್ಟೋನಾ ಬಹುಪಾಲು ಉಳಿಯಿತು. ಎರಡೂ ಊರುಗಳಿಗೆ ಗಡಿಯಾಗಿದ್ದ ಬೀದಿಯ ಒಂದು ಬದಿಯಲ್ಲಿ ಕಾಲರಾ, ಇನ್ನೊಂದು ಬದಿಯಲ್ಲಿ ಇಲ್ಲ. ಮರುವರ್ಷವೇ ಹ್ಯಾಂಬರ್ಗಿನವರೂ ಹೊಯಿಗೆ ಮಡಿ ಕಟ್ಟಿ ಮುಗಿಸಿದರು.

ಇದರಲ್ಲಿ ಗುಟ್ಟೇನೆಂದರೆ ಹೊಯಿಗೆಯ ಮೇಲೆ ಕಟ್ಟುವ ಲೋಳೆಯಂಥ ಪದರ. ನೀರು ನಿಧಾನವಾಗಿ ಇಳಿದಾಗ ರೋಗಾಣುಗಳು ಅಲ್ಲಿ ಸಿಕ್ಕಿಬೀಳುತ್ತವೆ. ಅವಸರದಲ್ಲಿ ಹರಿಸಿದರೆ ಆ ಗುಣ ಇಲ್ಲ.

ಮೂರನೆಯದು ಕ್ಯಾಂಡಲು. 1884ರಲ್ಲಿ ಪ್ಯಾರಿಸಿನ ಪಾಸ್ಟರ್ ಅವರ ಪ್ರಯೋಗಶಾಲೆಯಲ್ಲಿ ಚಾಂಬರ್ಲೆಂಡ್ ಎಂಬವರು ಮೆರುಗಿಲ್ಲದ ಪಿಂಗಾಣಿಯ ಕೊಳವೆಯೊಂದನ್ನು ಸಿದ್ಧಮಾಡಿದರು. ನೀರು ಅದರ ಗೋಡೆಯ ಅತಿಸಣ್ಣ ರಂಧ್ರಗಳಲ್ಲಿ ಇಳಿದು ಬರಬೇಕು. ನಲ್ಲಿಯ ನೀರಿನ ಒತ್ತಡವೇ ಅದನ್ನು ದೂಡಲೆಂದು ಕೊಳವೆಯನ್ನು ನಲ್ಲಿಗೇ ಜೋಡಿಸುವ ಕ್ರಮ ಬಂತು. ನಮ್ಮ ಇಂದಿನ ನಲ್ಲಿ ಫಿಲ್ಟರಿನ ಅಜ್ಜ ಇದೇ ಎನ್ನಬೇಕು. 1891ರ ಸುಮಾರಿಗೆ ಜರ್ಮನಿಯ ಬರ್ಕೆಫೆಲ್ಡ್ ಎಂಬವರು ಒಂದು ಬಗೆಯ ಹಗುರ ಬಿಳಿ ಮಣ್ಣಿನಿಂದ ಕ್ಯಾಂಡಲು ಮಾಡಿದರು. ನಮ್ಮ ಮನೆಗಳ ಸ್ಟೀಲಿನ ಎರಡು ಅಂತಸ್ತಿನ ಫಿಲ್ಟರಿನೊಳಗಿನ ಬಿಳಿ ಕ್ಯಾಂಡಲು ಅದೇ ವಂಶದ್ದು.

ರೋಗಾಣುವೆಲ್ಲ ನಿಂತಿತು ಎಂದು ಆಗ ಲೋಕ ನಂಬಿತು. ಆ ನಂಬಿಕೆಗೆ ಪೆಟ್ಟು ಬಿದ್ದದ್ದು ಹೊಗೆಸೊಪ್ಪಿನ ಹೊಲದಿಂದ! 1892ರಲ್ಲಿ ರಷ್ಯಾದ ಇವಾನೋವ್ಸ್ಕಿ ಎಂಬವರು ರೋಗದ ಹೊಗೆಸೊಪ್ಪಿನ ಎಲೆ ಅರೆದು, ರಸವನ್ನು ಚಾಂಬರ್ಲೆಂಡ್ ಕೊಳವೆಯಲ್ಲಿ ಸೋಸಿ, ಸೋಸಿದ ರಸವನ್ನು ಒಳ್ಳೆಯ ಗಿಡಕ್ಕೆ ತಾಗಿಸಿದರು. ಗಿಡಕ್ಕೆ ರೋಗ ಬಂತು. ಕೊಳವೆಯನ್ನೂ ದಾಟುವಷ್ಟು ಸಣ್ಣದೊಂದು ವಿಷ ಉಂಟೆಂದಾಯಿತು. ಅದೇ ವೈರಸ್, ಬೆಂಡೆ ಬೆಳೆಯುವವರು ಹಳದಿ ನಂಜು ರೋಗ ಎನ್ನುತ್ತೀರಲ್ಲ, ಅಂಥ ನಂಜು. ಕಾಮಾಲೆಯ ಒಂದು ಕಾರಣವಾದ ಹೆಪಟೈಟಿಸ್ ಎ ವೈರಸ್ಸು ಸಾಧಾರಣ ಬ್ಯಾಕ್ಟೀರಿಯಾದ ಅಗಲದಲ್ಲಿ ಸುಮಾರು ಮೂವತ್ತನೇ ಒಂದು ಪಾಲು.

ಇದರ ಬೆಲೆಯನ್ನು ನಮ್ಮ ದೇಶವೂ ತೆತ್ತಿದೆ. 1955ರ ಕೊನೆಯಲ್ಲಿ ದೆಹಲಿಯಲ್ಲಿ ಯಮುನೆಯ ನೀರೆತ್ತುವ ಜಾಗಕ್ಕೆ ಚರಂಡಿ ನೀರು ಹಿಮ್ಮೊಗವಾಗಿ ನುಗ್ಗಿತು. ಇಂಜಿನಿಯರರು ಸೋಸಿದರು, ಕ್ಲೋರಿನ್ನನ್ನೂ ಹೆಚ್ಚಿಸಿದರು. ಅದರಿಂದ ಟೈಫಾಯಿಡು, ಭೇದಿ ಏರಲಿಲ್ಲ. ಆದರೆ 1956ರ ಜನವರಿಯ ಹೊತ್ತಿಗೆ ಸುಮಾರು 29,000 ಜನರಿಗೆ ಕಾಮಾಲೆಯಾಯಿತು. ಅದು ಹೆಪಟೈಟಿಸ್ ಇ ಎಂಬುದು ದಶಕಗಳ ನಂತರ ತಿಳಿಯಿತು. ತಿಳಿಯಾದ ನೀರು, ಪರೀಕ್ಷೆಯಾದ ನೀರು, ಆದರೂ ಕಾಮಾಲೆ. ನಮ್ಮ ಮನೆಯ ನಲ್ಲಿಯನ್ನು ನೆನೆದು ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು.

ಇನ್ನು ನಾಲ್ಕನೆಯದು ಮಸಿ, ಇದ್ದಿಲು. ಇದು ನಮ್ಮ ತೋಟದ ವಸ್ತು. ತೆಂಗಿನ ಗೆರಟೆಯನ್ನು ಸುಟ್ಟು ಮಸಿಮಾಡಿ, ಬಹಳ ಬಿಸಿಯ ಉಗಿ ಹಾಯಿಸಿದರೆ ಅದರ ಮೈಯೆಲ್ಲ ಸೂಕ್ಷ್ಮ ರಂಧ್ರವಾಗುತ್ತದೆ. ಒಲೆಯ ಮಸಿಗೆ ಆ ಶಕ್ತಿಯಿಲ್ಲ. ಮೊದಲ ಮಹಾಯುದ್ಧದಲ್ಲಿ, 1918ರಲ್ಲಿ, ಅಮೆರಿಕದವರು ವಿಷಗಾಳಿ ತಡೆಯುವ ಮುಖವಾಡಕ್ಕಾಗಿ ಗೆರಟೆಯನ್ನು ಒಟ್ಟುಮಾಡಿದ್ದರು. ಇಂದಿನ ನಲ್ಲಿ ಫಿಲ್ಟರುಗಳಲ್ಲಿ ಹೆಚ್ಚಿನವುಗಳ ಹೊಟ್ಟೆಯಲ್ಲಿರುವುದು ಇಂಥ ಮಸಿಯೇ. ಅದು ಕ್ಲೋರಿನ್ನಿನ ವಾಸನೆ, ಕೆಟ್ಟ ರುಚಿ, ಕೆಲವು ರಾಸಾಯನಿಕಗಳನ್ನು ಹೀರುತ್ತದೆ. ರೋಗಾಣುವನ್ನು ಕೊಲ್ಲುವುದಿಲ್ಲ. ಅಷ್ಟೇ ಅಲ್ಲ, ಹಳತಾದ ಮಸಿಯಲ್ಲಿ ಬ್ಯಾಕ್ಟೀರಿಯಾ ಮನೆಮಾಡಿ ಬೆಳೆಯುವುದೂ ಉಂಟು. ಕ್ಲೋರಿನ್ ಹಾಕಿ ಶುದ್ಧಮಾಡಿದ ಪೇಟೆಯ ನೀರಿಗಾಗಿ ಇದು ಹುಟ್ಟಿತು. ಉಡುಪಿ ನಗರಕ್ಕೆ ಸ್ವರ್ಣಾ ನದಿಯ ಬಜೆಯಿಂದ ಶುದ್ಧಮಾಡಿದ ನೀರು ಬರುತ್ತದೆ. ಅಲ್ಲಿ ಇದಕ್ಕೆ ಒಂದು ಅರ್ಥವುಂಟು. ಹಳ್ಳಿಯ ನಮಗೆ? ಬಾವಿಯ ನೀರನ್ನು ಪಂಪಿನಿಂದ ಟಾಂಕಿಗೆ ಏರಿಸಿ ನಲ್ಲಿಗೆ ಬಿಟ್ಟರೆ, ನಲ್ಲಿ ಬಂದುಂಟೇ ಹೊರತು ನೀರು ಅದೇ ಬಾವಿಯದು.

ನಮ್ಮ ಮುರಕಲ್ಲಿನ ನೆಲ ತೂತುಗಳ ನೆಲ. ಮಳೆಗಾಲದಲ್ಲಿ ಹಟ್ಟಿಯ ನೀರು, ಪಾಯಿಖಾನೆ ಗುಂಡಿಯ ನೀರು ಸುಲಭವಾಗಿ ಬಾವಿಗೆ ಇಳಿಯುತ್ತದೆ. ಗುಂಡಿಯು ಬಾವಿಯಿಂದ ಕಡಿಮೆಯೆಂದರೂ 50 ಅಡಿ ದೂರ, ತಗ್ಗಿನ ಬದಿಯಲ್ಲಿ ಇರಲಿ. ಇಂಥ ನೆಲದಲ್ಲಿ ಇನ್ನೂ ದೂರವಾದಷ್ಟು ಒಳ್ಳೆಯದು. ಬಾವಿಗೆ ಕಟ್ಟೆ, ಸುತ್ತ ಸಿಮೆಂಟಿನ ಚಪ್ಪಡಿ ಬೇಕು. ಬ್ಲೀಚಿಂಗ್ ಪೌಡರಿನ ಲೆಕ್ಕ ಹೀಗೆ: ಬಾವಿಯ ಅಗಲ ಅಡಿಗಳಲ್ಲಿ, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 22ರಿಂದ ಗುಣಿಸಿದರೆ ಲೀಟರು ಬರುತ್ತದೆ. 8 ಅಡಿ ಅಗಲ, 10 ಅಡಿ ನೀರು ಇದ್ದರೆ ಸುಮಾರು 14,000 ಲೀಟರು. ಸಾವಿರ ಲೀಟರಿಗೆ ಎರಡೂವರೆ ಗ್ರಾಂನಂತೆ 35 ಗ್ರಾಂ ಹೊಸ ಪೌಡರು. ರಾತ್ರಿ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಬಾವಿಗೆ ಇಳಿಸಿ, ಬೆಳಿಗ್ಗೆ ನೀರು ಸೇದಿ.

ಹಾಗಾದರೆ ಫಿಲ್ಟರು ಬೇಡವೇ? ಬೇಡವೆನ್ನುವುದಿಲ್ಲ. ಕೊಳ್ಳುವ ಮುಂಚೆ ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಿ. ಒಳಗೆ ಬರೀ ಮಸಿಯೋ, ರೋಗಾಣು ತಡೆಯುವ ಪೊರೆಯೂ ಉಂಟೋ? ವೈರಸ್ಸಿಗೆ ಪರೀಕ್ಷೆಯಾದುದರ ದಾಖಲೆ ಉಂಟೋ? ಎಷ್ಟು ಲೀಟರಿಗೆ ಒಳಗಿನ ತುಂಡು ಬದಲಿಸಬೇಕು, ಅದರ ಬೆಲೆ ಎಷ್ಟು? ಸಾವಿರ ಲೀಟರಿನದ್ದಾದರೆ, ದಿನಕ್ಕೆ 20 ಲೀಟರು ಬಳಸುವ ಮನೆಗೆ 50 ದಿನದ ಬಾಳಿಕೆ. ಹಾಕಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಬಿಸಿನೀರು ಹಾಯಿಸಬೇಡಿ. ಬೆಳಿಗ್ಗೆಯ ಮೊದಲ ಚೆಂಬು ನೀರನ್ನು ಬಸಳೆಯ ಬುಡಕ್ಕೆ ಚೆಲ್ಲಿ. ಕಡಲ ಬದಿಯಲ್ಲಿ ಬೇಸಿಗೆಗೆ ಬಾವಿ ಉಪ್ಪಾಗುತ್ತದಲ್ಲ, ಆ ಉಪ್ಪನ್ನು ಮಸಿಯೂ ತೆಗೆಯದು, ಕ್ಯಾಂಡಲೂ ತೆಗೆಯದು. ಇನ್ನು ಟಿಡಿಎಸ್ ಎಂಬ ಕಡ್ಡಿ ಅದ್ದಿ ಅಂಕೆ ತೋರಿಸುವವರು ಬರುತ್ತಾರೆ. ಅದು ಕರಗಿದ ಲವಣದ ಅಂಕೆ. ರೋಗಾಣುವಿನ ವಿಷಯ ಅದಕ್ಕೆ ಗೊತ್ತಿಲ್ಲ.

ಕೊಂಡ ಮೇಲೆ ಗದ್ದೆಯ ಪರೀಕ್ಷೆಯನ್ನೇ ಮಾಡಿ. 1982ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ಒಂದು ಸುಲಭದ ಬಾಟಲಿ ಪರೀಕ್ಷೆಯನ್ನು ಲೋಕಕ್ಕೆ ಕೊಟ್ಟರು. ಮದ್ದು ಹೀರಿಸಿದ ಕಾಗದವಿರುವ ಸಣ್ಣ ಬಾಟಲಿಗೆ ನೀರು ತುಂಬಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡುವುದು. ಹೊಲಸು ಸೇರಿದ್ದರೆ ನೀರು ಕಪ್ಪಾಗುತ್ತದೆ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ನಿನಲ್ಲಿ ಹಳ್ಳಿಗೆ ಐವರು ಹೆಂಗಸರಿಗೆ ನೀರಿನ ಪರೀಕ್ಷೆ ಕಲಿಸುವ ಏರ್ಪಾಡು ಉಂಟು, ಪಂಚಾಯತಿನಲ್ಲಿ ವಿಚಾರಿಸಿ. ಒಂದು ಬಾಟಲಿಗೆ ಫಿಲ್ಟರಿನ ಮುಂಚಿನ ನೀರು, ಇನ್ನೊಂದಕ್ಕೆ ಫಿಲ್ಟರಿನ ನೀರು. ಎರಡೂ ಕಪ್ಪಾದರೆ ನಿಮ್ಮ ಫಿಲ್ಟರಿನ ಯೋಗ್ಯತೆ ಗೊತ್ತಾಯಿತು. ಎರಡನೆಯದು ಕಪ್ಪಾಗದಿದ್ದರೂ ವೈರಸ್ಸಿನ ಭಯ ಹೋಯಿತೆಂದಲ್ಲ. ಮಳೆಗಾಲದಲ್ಲಿ ಇನ್ನೊಮ್ಮೆ ಮಾಡಿ ನೋಡಿ, ಬೇಸಿಗೆಯ ನೀರು ಬೇರೆ, ಆಟಿಯ ನೀರು ಬೇರೆ.

ವೈರಸ್ಸು, ಬ್ಯಾಕ್ಟೀರಿಯಾ ಎರಡನ್ನೂ ಕೊಲ್ಲುವ, ಬೆಲೆಯಿಲ್ಲದ ಉಪಾಯ ಒಂದೇ: ನೀರು ಕೊತಕೊತ ಕುದಿಯಬೇಕು, ಕುದಿ ಬಂದ ಮೇಲೆಯೂ ಒಂದು ನಿಮಿಷ ಒಲೆಯ ಮೇಲಿರಬೇಕು. ನಮ್ಮ ಮನೆಯಲ್ಲಿ ಫಿಲ್ಟರು ಈಗಲೂ ಉಂಟು. ಕಸ, ವಾಸನೆ ತೆಗೆಯುವ ಕೆಲಸ ಅದರದು. ಅದರಿಂದ ಹಿಡಿದ ನೀರನ್ನು ಅಮ್ಮ ಮೊದಲಿನಂತೆ ಕುದಿಸುತ್ತಾರೆ, ಸೌದೆ ತಂದುಕೊಡುವ ಕೆಲಸ ನನ್ನದು. ಬಂದವರಿಗೆ ಬೆಲ್ಲದ ಜೊತೆ ಕೊಡುವುದೂ ಆ ನೀರನ್ನೇ. ನಿಮ್ಮ ಮನೆಯಲ್ಲಿಯೂ ಹಾಗೆಯೇ ನಡೆಯಲಿ ಎಂದು ಹೇಳಿ ಮಾತು ಮುಗಿಸುತ್ತೇನೆ.