ಜಾಝ್ ಗಿಟಾರ್‌ನಲ್ಲಿ ಮನೋಧರ್ಮ

ಹಾಡಿನ ಕಾರ್ಡ್‌ಗಳು ಬದಲಾಗುತ್ತ ಸಾಗುವಾಗ ಅವುಗಳಿಗೆ ಒಪ್ಪುವ ಹೊಸ ಸ್ವರಸಂಚಾರವನ್ನು ಗಿಟಾರ್‌ನಲ್ಲಿ ಆಗಿಂದಾಗಲೇ ಕಟ್ಟುವ ಕಲೆ. ಮೂರು ಅಥವಾ ಹೆಚ್ಚು ಸ್ವರಗಳು ಒಟ್ಟಿಗೆ ನುಡಿಯುವ ಗುಚ್ಛವೇ ಕಾರ್ಡ್. ರಾಗಾಲಾಪನೆಯಲ್ಲಿ ಆಧಾರ ಷಡ್ಜ ಕದಲುವುದಿಲ್ಲ. ಇಲ್ಲಿ ಕಾರ್ಡ್ ಬದಲಾದೊಡನೆ, ಇಂಪಾಗಿದ್ದ ಸ್ವರವೇ ಕರ್ಕಶವಾಗಬಹುದು. ಈ ಸವಾಲಿಗೆ ವಾದಕರು ಕಂಡುಕೊಂಡ ಉತ್ತರಗಳೇ ಈ ಕಲೆಯ ಇತಿಹಾಸ.

ಆರಂಭ: ಮೊದಮೊದಲು ಅಮೆರಿಕದ ಜಾಝ್ ತಂಡಗಳಲ್ಲಿ ಗಿಟಾರ್‌ನದು ಮುಖ್ಯವಾಗಿ ಲಯ ಹಿಡಿಯುವ ಕೆಲಸ. ಲಾನಿ ಜಾನ್ಸನ್ ಮತ್ತು ಎಡ್ಡಿ ಲ್ಯಾಂಗ್ 1928–29ರಲ್ಲಿ ಧ್ವನಿಮುದ್ರಿಸಿದ ಜೋಡಿ ವಾದನಗಳು ಅದಕ್ಕೆ ಏಕವಾದ್ಯದ ಘನತೆ ತಂದವು. ಪ್ಯಾರಿಸ್‌ನಲ್ಲಿ 1934ರಲ್ಲಿ ತಂಡ ಕಟ್ಟಿದ ಜಾಂಗೊ ರೈನ್‌ಹಾರ್ಟ್, ಬೆಂಕಿ ಅವಘಡದಿಂದ ಎಡಗೈಯ ಎರಡು ಬೆರಳುಗಳ ಶಕ್ತಿ ಕುಂದಿದ್ದರೂ, ಕಾರ್ಡಿನ ಸ್ವರಗಳನ್ನು ಬಿಡಿಬಿಡಿಯಾಗಿ ತಂತಿಯುದ್ದಕ್ಕೂ ಏರಿಳಿಸುವ ಆರ್ಪೆಜಿಯೊ ಶೈಲಿಯನ್ನು ಬೆಳಗಿಸಿದರು.

ಚಾರ್ಲಿ ಕ್ರಿಶ್ಚಿಯನ್: 1939ರಲ್ಲಿ ಬೆನ್ನಿ ಗುಡ್‌ಮನ್ ತಂಡ ಸೇರಿದ ಕ್ರಿಶ್ಚಿಯನ್, ವಿದ್ಯುತ್ ಗಿಟಾರ್ ಹಿಡಿದು ಸ್ಯಾಕ್ಸೊಫೋನಿನಂತೆ ದೀರ್ಘ ವಾಕ್ಯಗಳನ್ನು ನುಡಿಸಿದರು. ಕೈ ಹಿಡಿಯುವ ಕಾರ್ಡಿನ ಆಕಾರದ ಸುತ್ತಲೇ ಅವರ ಸ್ವರಗಳು ಹುಟ್ಟುತ್ತಿದ್ದವು. 1942ರಲ್ಲಿ, 25ರ ಹರೆಯದಲ್ಲೇ ಕ್ಷಯದಿಂದ ತೀರಿಕೊಂಡರೂ ಮುಂದಿನ ತಲೆಮಾರಿಗೆಲ್ಲ ಅವರೇ ಗುರು.

ಬೀಬಾಪ್ ಮತ್ತು ಮಾರ್ಗಸ್ವರಗಳು: 1940ರ ದಶಕದ ಬೀಬಾಪ್ ಶೈಲಿಯಲ್ಲಿ ಗತಿ ಹೆಚ್ಚಿತು, ಕಾರ್ಡ್‌ಗಳು ದಟ್ಟವಾದವು. ಕಾರ್ಡಿನ ಗುಣವನ್ನು ನಿರ್ಧರಿಸುವುದು, ಅದರ ಮೂಲಸ್ವರದಿಂದ ಶ್ರೇಣಿಯಲ್ಲಿ ಎಣಿಸಿದಾಗ ಬರುವ ಮೂರನೆಯ ಮತ್ತು ಏಳನೆಯ ಸ್ವರ; ಇವೇ ಮಾರ್ಗಸ್ವರಗಳು. ಡಿ ಮೈನರ್ 7, ಜಿ 7, ಸಿ ಮೇಜರ್ 7 ಎಂಬ ಬಹುಬಳಕೆಯ ಸರಣಿಯನ್ನು ನೋಡಿ. ಮೊದಲ ಕಾರ್ಡಿನ ಏಳನೆಯದಾದ ಸಿ ಒಂದು ಫ್ರೆಟ್, ಅಂದರೆ ಅರ್ಧಸ್ವರದಷ್ಟು, ಇಳಿದರೆ, ಎರಡನೆಯದರ ಮೂರನೆಯದಾದ ಬಿ ಸಿಗುತ್ತದೆ. ಎರಡನೆಯ ಕಾರ್ಡಿನ ಏಳನೆಯದಾದ ಎಫ್ ಹಾಗೆಯೇ ಇಳಿದರೆ, ಕೊನೆಯದರ ಮೂರನೆಯದಾದ ಇ. ಕಾರ್ಡ್ ಬದಲಾಗುವ ಗಳಿಗೆಗೆ ಈ ಸ್ವರಗಳನ್ನು ಸರಿಯಾಗಿ ಮುಟ್ಟಿದರೆ, ಪಕ್ಕವಾದ್ಯವಿಲ್ಲದೆಯೂ ಕೇಳುಗನಿಗೆ ಬದಲಾವಣೆ ತಿಳಿಯುತ್ತದೆ. ನಡುವಿನ ಜಾಗ ತುಂಬಲು ಮೇಲಿಂದಲೂ ಕೆಳಗಿಂದಲೂ ಗುರಿಯನ್ನು ಸುತ್ತುವರಿಯುವ ಅರ್ಧಸ್ವರಗಳಿವೆ.

ನಂತರದ ಬೆಳವಣಿಗೆ: ಕ್ರಿಶ್ಚಿಯನ್‌ರ ವಾದನಗಳನ್ನು ಕೇಳಿಯೇ ಕಲಿತ ವೆಸ್ ಮಾಂಟ್ಗೊಮರಿ, ಮೀಟುಕಡ್ಡಿ ಬಿಟ್ಟು ಹೆಬ್ಬೆರಳಿನಿಂದ ನುಡಿಸಿದರು. ಒಂಟಿ ಸ್ವರಗಳಿಂದ ತೊಡಗಿ, ಒಂದೇ ಸ್ವರವನ್ನು ಅಕ್ಕಪಕ್ಕದ ಎರಡು ಸ್ಥಾಯಿಗಳಲ್ಲಿ ಜೋಡಿಸಿದ ಆಕ್ಟೇವ್‌ಗಳಿಗೆ, ಅಲ್ಲಿಂದ ಪೂರ್ಣ ಕಾರ್ಡ್‌ಗಳಿಗೆ ಏರುವ ಅವರ ಕ್ರಮ ಮಾದರಿಯಾಯಿತು. 1959ರಲ್ಲಿ ಎರಡು ದಾರಿಗಳು ಕವಲೊಡೆದವು: ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ರ ‘ಕೈಂಡ್ ಆಫ್ ಬ್ಲೂ’ ಒಂದೇ ಸ್ವರಶ್ರೇಣಿಯನ್ನು ಹಲವು ಬಾರ್‌ಗಳವರೆಗೆ (ತಾಳದ ಆವರ್ತಗಳವರೆಗೆ) ವಿಸ್ತರಿಸಿತು, ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅದೇ ವರ್ಷ ಧ್ವನಿಮುದ್ರಿಸಿದ ‘ಜೈಂಟ್ ಸ್ಟೆಪ್ಸ್’ ಆಧಾರವನ್ನೇ ಮತ್ತೆ ಮತ್ತೆ ಬದಲಿಸಿತು. ಇತ್ತ ಗಿಟಾರ್ ವಾದಕ ಪ್ಯಾಟ್ ಮಾರ್ಟಿನೊ ಬಗೆಬಗೆಯ ಕಾರ್ಡ್‌ಗಳನ್ನು ಮೈನರ್ ಆಕಾರಗಳಿಗೆ ಇಳಿಸಿ ಯೋಚಿಸುವ ಪದ್ಧತಿ ರೂಪಿಸಿದರು.

ಇಂದಿನ ಕಲಿಕೆಯಲ್ಲೂ ಕ್ರಮ ಹೆಚ್ಚು ಬದಲಾಗಿಲ್ಲ: ಮೊದಲು ಹಾಡಿನ ಮಟ್ಟು, ಬಳಿಕ ಆರ್ಪೆಜಿಯೊ, ಆಮೇಲೆ ಮಾರ್ಗಸ್ವರ. ಇದರ ಜತೆಗೆ ಹಿರಿಯರ ವಾದನವನ್ನು ಕಿವಿಯಿಂದ ಕಲಿಯುವುದು ಅತ್ಯಗತ್ಯ. ಸ್ವರಶ್ರೇಣಿಯ ಜ್ಞಾನವೊಂದೇ ಜಾಝ್ ಭಾಷೆಯ ಲಯವನ್ನು, ಉಸಿರನ್ನು ಕೊಡಲಾರದು.